ಹನ್ನೊಂದು ಗಂಟೆಯ ಕೆರೆ

ಪಾಚಿ ಎಣಿಸುವುದಕ್ಕೆ ಸರಕಾರ ಸಂಬಳ ಕೊಡುತ್ತದೆ ಎಂಬುದನ್ನು ನಮ್ಮ ಅತ್ತೆ ಬಹಳ ವರ್ಷ ನಂಬಲೇ ಇಲ್ಲ. ಹುಮನಾಬಾದಿನ ನೀರು ಪರೀಕ್ಷೆಯ ಲ್ಯಾಬಿನಲ್ಲಿ ನನಗೆ ನೌಕರಿ. ದಿನವಿಡೀ ಸೂಕ್ಷ್ಮದರ್ಶಕದ ಮೇಲೆ ಬಾಗಿ ಕೂತು, ಸಂಜೆ ಕುತ್ತಿಗೆ ಹಿಡಿದುಕೊಂಡು ಮನೆಗೆ ಬರುತ್ತಿದ್ದೆ. ಮನೆಗೆ ಬಂದ ನೆಂಟರಿಗೆಲ್ಲ ಅತ್ತೆ ಹೇಳುತ್ತಿದ್ದ ಮಾತು ಒಂದೇ: "ನಮ್ಮ ಸೊಸಿ ಪಾಚಿ ಎಣಸ್ತಾಳ್ರಿ." ಹೇಳುವ ಧಾಟಿಯಲ್ಲಿ ನನಗೆ ಏನೋ ಸೋಕಿದೆ ಎಂಬ ಅರ್ಥವಿರುತ್ತಿತ್ತು. ನೆಂಟರು ನನ್ನ ಕಡೆ ಕರುಣೆಯಿಂದ ನೋಡಿ, ಚಹಾ ಕುಡಿದು ಹೋಗುತ್ತಿದ್ದರು.

ಈಗ ನಿವೃತ್ತಳಾಗಿ ಮನೆಯಲ್ಲಿದ್ದೇನೆ. ಹೊಸದಾಗಿ ಲ್ಯಾಬಿಗೆ ಸೇರಿದ ಹುಡುಗಿಯರು ಆಗಾಗ ಬಂದು ನಮ್ಮ ಕಾಲದಲ್ಲಿ ಕೆಲಸ ಹೇಗಿತ್ತು ಎಂದು ಕೇಳುತ್ತಾರೆ. ಅವರ ಕೈಯಲ್ಲಿ ಈಗ ನೀರಿಗೆ ಇಳಿಬಿಟ್ಟರೆ ತಾನೇ ಅಂಕಿ ತೋರಿಸುವ ಯಂತ್ರವಿದೆ. ತೊಂಬತ್ತರ ದಶಕದಲ್ಲಿ ನಮ್ಮ ಕೈಯಲ್ಲಿ ಇದ್ದದ್ದು ಬಲೆ, ಬಾಟಲಿ ಮತ್ತು ಸರಕಾರಿ ಬಸ್ಸು. ಇವುಗಳಲ್ಲಿ ನಮ್ಮನ್ನು ನಿಜವಾಗಿ ಆಳುತ್ತಿದ್ದದ್ದು ಬಸ್ಸು. ಆ ಬಸ್ಸಿನ ದೆಸೆಯಿಂದ ಕಾಶಮ್ಮ ಎಂಬ ಮಡಿವಾಳರ ಹೆಂಗಸು ತನ್ನ ಒಗೆಯುವ ಕಲ್ಲನ್ನೂ ಅದರ ಮೇಲೆ ನಿಂತಿದ್ದ ಬದುಕನ್ನೂ ಕಳೆದುಕೊಳ್ಳುವುದರಲ್ಲಿದ್ದಳು. ಹುಡುಗಿಯರಿಗೆ ನಾನು ಹೇಳುವುದು ಆ ಕಥೆಯನ್ನೇ.

ಕೆರೆ ಬಸವಕಲ್ಯಾಣದಿಂದ ಮುಡಬಿಯ ಕಡೆಗೆ ಹೋಗುವ ದಾರಿಯಲ್ಲಿತ್ತು. ಹೆಸರು ಹೇಳುವುದಿಲ್ಲ, ಆ ಊರಿನವರು ಇನ್ನೂ ಇದ್ದಾರೆ, ಜಗಳಕ್ಕೂ ಗಟ್ಟಿ ಇದ್ದಾರೆ. ಅಗಲ ಬೇಕಾದಷ್ಟಿತ್ತು, ಆಳ ಮಾತ್ರ ಇರಲಿಲ್ಲ. ಬೇಸಿಗೆಯಲ್ಲಿ ಕೆರೆಯ ನಟ್ಟನಡುವೆ ನಿಂತ ಎಮ್ಮೆಯ ಬೆನ್ನು ಒಣಗಿರುತ್ತಿತ್ತು. ಇಂಥ ಕೆರೆಗೆ ಋತು ಬದಲಾದದ್ದು ಬೇಗ ಗೊತ್ತಾಗುತ್ತದೆ. ಮಳೆಗಾಲದಲ್ಲಿ ಕೆಂಪು ಮಣ್ಣು ಕೊಚ್ಚಿ ಬಂದು ಬೆಳಕು ಒಳಗೆ ಇಳಿಯುವುದಿಲ್ಲ, ಪಾಚಿ ಕಡಿಮೆ. ಮಳೆ ನಿಂತು ನೀರು ತಿಳಿಯಾದ ಮೇಲೆ ಡಯಾಟಮ್‌ಗಳು ಬರುತ್ತವೆ. ಗಾಜಿನ ಡಬ್ಬಿಯೊಳಗೆ ಕೂತ ಕಂದು ಬಣ್ಣದ ಜೀವಗಳು, ನೋಡಲು ಬಲು ಚೆಂದ. ಚಳಿಗಾಲಕ್ಕೆ ಹಸಿರು ಪಾಚಿ. ಬಿಸಿಲು ಏರಿ ನೀರು ಇಳಿದಾಗ ನೀಲಿ-ಹಸಿರು ಪಾಚಿ ಎದ್ದು ಮೇಲೆ ತೇಲುತ್ತದೆ; ಆಗ ಯಾರೋ ಕೆರೆಗೆ ಬಣ್ಣದ ಡಬ್ಬಿ ಸುರುವಿದಂತೆ ಕಾಣುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಈ ತೇಲುಗಿಡಗಳನ್ನು ಪುಸ್ತಕದಲ್ಲಿ ಸಸ್ಯಪ್ಲವಕ ಎನ್ನುತ್ತಾರೆ. ವರ್ಷವಿಡೀ ಯಾವುದು ಬಂತು, ಯಾವುದು ಹೋಯಿತು ಎಂದು ಎಣಿಸಿ ಬರೆಯುವುದು ನನ್ನ ಕೆಲಸ.

ಬರೆದದ್ದಕ್ಕೆ ಸಹಿ ಹಾಕುವವರು ದೇಶಪಾಂಡೆ ಸಾಹೇಬರು. ಒಳ್ಳೆಯ ಮನುಷ್ಯರೇ, ಆದರೆ ನೀರೆಂದರೆ ಭಯ. ಕೆರೆಯ ವಿಜ್ಞಾನದಲ್ಲಿ ದೊಡ್ಡ ಪದವಿ ಪಡೆದವರು ಕೆರೆಯ ದಂಡೆಯಿಂದ ಮಾರು ದೂರದಲ್ಲಿ ಛತ್ರಿ ಬಿಚ್ಚಿ ಕೂಡುತ್ತಿದ್ದರು. ಅಲ್ಲಿಂದಲೇ "ಇನ್ನೊಂದ್ಚೂರು ಮುಂದ ಹೋಗ್ರಿ" ಎಂದು ನನಗೆ ಕೈ ಮಾಡುತ್ತಿದ್ದರು. ನಾನು ಸೀರೆಯನ್ನು ಮೊಣಕಾಲಿಗೆ ಸಿಕ್ಕಿಸಿಕೊಂಡು ಕೆಸರಿಗೆ ಇಳಿಯುತ್ತಿದ್ದೆ. ಲ್ಯಾಬಿನ ಗೋಡೆಯ ಮೇಲೆ ಅವರು ಸ್ವಂತ ಕೈಯಿಂದ ಬರೆದ ಬಣ್ಣದ ಪಟ್ಟಿಯೊಂದು ತೂಗುತ್ತಿತ್ತು: ಯಾವ ಋತುವಿಗೆ ಯಾವ ಪಾಚಿ ಎಂದು. ಒಂದು ಚಳಿಗಾಲ ಪಟ್ಟಿಯಲ್ಲಿದ್ದ ಪಾಚಿ ನನಗೆ ಕಾಣದಿದ್ದಾಗ, ಸಾಹೇಬರು ಪಟ್ಟಿಯನ್ನು ಅನುಮಾನಿಸಲಿಲ್ಲ, ನನ್ನ ಕನ್ನಡಕವನ್ನು ಅನುಮಾನಿಸಿದರು.

ಆ ಚಳಿಗಾಲದ ಕಥೆಯನ್ನೂ ಹೇಳಿಬಿಡುತ್ತೇನೆ. ಪಾಚಿ ಹಿಡಿಯುವ ರೇಷ್ಮೆಯ ಬಲೆ ಹರಿದಿತ್ತು. ಬೆಂಗಳೂರಿಗೆ ಬರೆದೆವು, ಉತ್ತರ ಬರಲಿಲ್ಲ. ಸಾಹೇಬರು ತಮ್ಮ ಮನೆಯವರ ಹಳೆಯ ಶಿಫಾನ್ ಸೀರೆಯನ್ನು ತಂದು ಬಸ್‌ಸ್ಟ್ಯಾಂಡ್ ಹತ್ತಿರದ ದರ್ಜಿಗೆ ಕೊಟ್ಟು ಹೊಸ ಬಲೆ ಹೊಲಿಸಿದರು. ಗುಲಾಬಿ ಬಣ್ಣದ, ಹೂವಿನ ಬಲೆ. ಅದನ್ನು ಹಿಡಿದು ಕೆರೆಗೆ ಇಳಿದಾಗ ಎಮ್ಮೆಗಳೂ ತಿರುಗಿ ನೋಡಿದವು. ಶಿಫಾನ್ ಬಟ್ಟೆಯ ಕಣ್ಣು ದೊಡ್ಡದು. ಸಣ್ಣ ಪಾಚಿಗಳೆಲ್ಲ ಅದರೊಳಗಿಂದ ನುಸುಳಿ ಹೋದವು. ಬಲೆಯಲ್ಲಿ ಉಳಿದದ್ದು ನಾಲ್ಕು ದೊಡ್ಡವು ಮತ್ತು ಯಾರದೋ ಅಂಗಿಯ ಒಂದು ಗುಂಡಿ. ಕೆರೆಯ ಹಸಿರು ಪಾಚಿ ಏಕಾಏಕಿ ಕುಸಿದಿದೆ ಎಂದು ನಮ್ಮ ವರದಿ ಹೋಯಿತು. ಸಾಹೇಬರು ಅದಕ್ಕೆ ಆ ವರ್ಷದ ಚಳಿಯೇ ಕಾರಣವೆಂದು ಗುಲಬರ್ಗಾದ ಒಂದು ಸಭೆಯಲ್ಲಿ ಭಾಷಣವನ್ನೂ ಮಾಡಿ ಬಂದರು. ಮುಂದೆ ಅಸಲಿ ಬಲೆ ಬಂದು ಪಾಚಿಗಳೆಲ್ಲ ಒಮ್ಮೆಲೇ ಮರಳಿದಾಗ, ಚಳಿ ಕಡಿಮೆಯಾಯಿತು ನೋಡಿ ಎಂದರು.

ಬಾಟಲಿಗಳ ಪಾಡೂ ಅಷ್ಟೇ. ಎಣಿಸುವವರೆಗೆ ಪಾಚಿ ಕೆಡಬಾರದೆಂದು ನೀರಿಗೆ ಅಯೋಡಿನ್ ಹನಿಸುತ್ತಿದ್ದೆವು, ನೀರು ಕಂದು ಬಣ್ಣಕ್ಕೆ ತಿರುಗುತ್ತಿತ್ತು. ಬಾಟಲಿಗಳೋ ಗುಜರಿ ಅಂಗಡಿಯಿಂದ ತಂದು ತೊಳೆದ ಬ್ರಾಂದಿಯ ಕ್ವಾರ್ಟರ್ ಬಾಟಲಿಗಳು. ಬಂಗ್ಲಾ ಕ್ರಾಸಿನಲ್ಲಿ ಒಮ್ಮೆ ಬಸ್ಸು ಜೋರಾಗಿ ಬ್ರೇಕ್ ಹಾಕಿ ನನ್ನ ಚೀಲ ಉರುಳಿತು. ಬಾಟಲಿಗಳು ಸೀಟಿನ ಕೆಳಗಿಂದ ಹೊರಳಿ ಕಂಡಕ್ಟರನ ಕಾಲ ಹತ್ತಿರ ಹೋಗಿ ನಿಂತವು. ಇಡೀ ಬಸ್ಸು ನನ್ನ ಕಡೆ ನೋಡಿತು. ಇದು ಕೆರೆಯ ನೀರು, ಇದರಲ್ಲಿ ದವಾ ಹಾಕಿದೆ ಎಂದು ನಾನು ವಿವರಿಸಿದೆ. ಕಂಡಕ್ಟರ್ ಒಂದೊಂದಾಗಿ ಎತ್ತಿ ಗೌರವದಿಂದ ನನ್ನ ಕೈಗೆ ಕೊಟ್ಟ.

"ಹೌದ್ರಿ ಅಕ್ಕಾರ," ಅಂದ. "ಎಲ್ಲಾರೂ ದವಾ ಅಂತನ ಹೇಳ್ತಾರ."

ಇನ್ನು ಬಸ್ಸಿನ ವಿಷಯ. ಹುಮನಾಬಾದಿನಿಂದ ಹೊರಟು, ಬಸವಕಲ್ಯಾಣದಲ್ಲಿ ಇಳಿದು, ಮುಡಬಿ ಕಡೆಯ ಗಾಡಿ ಹಿಡಿದು, ಕೆರೆಯ ದಂಡೆ ಮುಟ್ಟುವಷ್ಟರಲ್ಲಿ ಹನ್ನೊಂದು ಗಂಟೆ. ತಿಂಗಳು ಯಾವುದೇ ಇರಲಿ, ಹೊತ್ತು ಹನ್ನೊಂದೇ. ಸಾಹೇಬರು ಇದನ್ನು ಶಿಸ್ತು ಎನ್ನುತ್ತಿದ್ದರು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಆ ಹೊತ್ತಿಗೆ ಬಟ್ಟೆ ಒಗೆಯುವ ಘಾಟಿನಲ್ಲಿ ಕಾಶಮ್ಮ ಅರ್ಧ ಗಂಟು ಒಗೆದು ಮುಗಿಸಿರುತ್ತಿದ್ದಳು. ಬಸವಕಲ್ಯಾಣದ ಲಾಡ್ಜಿನ ಚಾದರಗಳು, ಊರವರ ಧೋತರಗಳು, ಎರಡು ಕತ್ತೆ, ಅವಳ ಅತ್ತೆಯ ಕಾಲದಿಂದ ಬಂದ ಒಂದು ಓರೆ ಕಲ್ಲು. ಅವಳ ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಇಬ್ಬರು ಹೆಣ್ಣುಮಕ್ಕಳು ಆ ಕಲ್ಲಿನ ಮೇಲೆಯೇ ಬೆಳೆದಿದ್ದರು. ನಾನು ಕೆಸರಿನಿಂದ ಎದ್ದು ಬಂದಾಗ ಅವಳು ಕಾಲಿಗೆ ನೀರು ಸುರುವಿ, ಸರಕಾರಕ್ಕೆ ಪಾಚಿ ಯಾಕೆ ಬೇಕು ಎಂದು ಪ್ರತಿ ಸಲ ಕೇಳುತ್ತಿದ್ದಳು. ನಾನು ಪ್ರತಿ ಸಲ ಹೇಳುತ್ತಿದ್ದೆ, ಅವಳು ಪ್ರತಿ ಸಲ ನಗುತ್ತಿದ್ದಳು.

ಆ ದಶಕದ ಕೊನೆಯ ಒಂದು ಬೇಸಿಗೆ ಬಲು ಕೆಟ್ಟದ್ದಾಗಿತ್ತು. ಕೆರೆ ಮೊಣಕಾಲುದ್ದಕ್ಕೆ ಇಳಿದು ದಟ್ಟ ಹಸಿರಾಗಿತ್ತು. ಒಂದು ಮುಂಜಾನೆ ನೋಡಿದರೆ ಮೀನುಗಳು ಹೊಟ್ಟೆ ಮೇಲೆ ಮಾಡಿ ದಂಡೆಯುದ್ದಕ್ಕೂ ಬಿದ್ದಿದ್ದವು. ಮೀನಿನ ಗುತ್ತಿಗೆ ಹಿಡಿದಿದ್ದವನು ಮಾರುತಿ. ದಪ್ಪ ಮೀಸೆಯ, ಸಣ್ಣ ಮನಸ್ಸಿನವನಲ್ಲದ ಮನುಷ್ಯ. ಆದರೆ ಕಣ್ಣೆದುರು ಮೀನು ಕೊಳೆಯುವುದನ್ನು ಕಂಡು ಅವನಿಗೆ ತಲೆ ಕೆಟ್ಟಿತ್ತು. ಯಾರೋ ಕಾಶಮ್ಮನ ಬ್ಲೀಚಿಂಗ್ ಪುಡಿಯ ಹೆಸರು ತೆಗೆದರು. ಇನ್ಯಾರೋ ಹುಮನಾಬಾದಿನ ಫ್ಯಾಕ್ಟರಿಗಳ ಹೆಸರನ್ನೂ ತೆಗೆದರು. ಫ್ಯಾಕ್ಟರಿಯ ನೀರು ಈ ಕಡೆ ಹರಿಯುವುದೇ ಇಲ್ಲ. ಹರಿದಿದ್ದರೂ ಫ್ಯಾಕ್ಟರಿಯನ್ನು ಎಬ್ಬಿಸುವುದಕ್ಕಿಂತ ಕಾಶಮ್ಮನನ್ನು ಎಬ್ಬಿಸುವುದು ಸುಲಭ. ಊರ ಪಂಚರು ಕೂತು ತೀರ್ಮಾನ ಹೇಳಿದರು: ಸರಕಾರದ ವರದಿ ಬರುವವರೆಗೆ ಕಾಶಮ್ಮ ಒಗೆಯಬಾರದು. ತಪ್ಪು ಅವಳದೆಂದು ಗೊತ್ತಾದರೆ ಘಾಟು ಕಾಯಂ ಬಂದ್. ತೀರ್ಮಾನವಾದದ್ದೇ ತಡ, ಉತ್ಸಾಹಿಗಳು ನಾಲ್ಕು ಜನ ಸೇರಿ ಅವಳ ಕಲ್ಲನ್ನು ಕಿತ್ತು ದಂಡೆಯ ಮೇಲೆ ತಂದು ಹಾಕಿಬಿಟ್ಟರು.

ವರದಿ ಬರೆಯಬೇಕಾದವರು ನಾವು. ಎಂದಿನ ಬಸ್ಸು ಹಿಡಿದು ಎಂದಿನ ಹೊತ್ತಿಗೆ ಹೋದೆವು. ನೀರು ತುಂಬಿಕೊಂಡು ಅಲ್ಲೇ ಬೇವಿನ ನೆರಳಲ್ಲಿ ಪರೀಕ್ಷೆ ಮಾಡಿದೆ. ನೀರಿನಲ್ಲಿ ಮೀನಿಗೆ ಬೇಕಾದ ಆಮ್ಲಜನಕ ಎಷ್ಟಿದೆ ಎಂದು ನೋಡುವ ಪರೀಕ್ಷೆ ಅದು. ಬಾಟಲಿಗೆ ಎರಡು ದ್ರಾವಣ ಹಾಕಿದರೆ ತಳದಲ್ಲಿ ಗಸಿ ಕೂಡುತ್ತದೆ. ಆಮ್ಲಜನಕ ಇದ್ದರೆ ಗಸಿ ಕಂದು, ಇಲ್ಲದಿದ್ದರೆ ಬಿಳಿ. ಅಂದು ಬಂದ ಗಸಿ ಬೆಲ್ಲದ ಪಾಕದಷ್ಟು ಕಂದಾಗಿತ್ತು. ಅಷ್ಟು ಆಮ್ಲಜನಕ ನಾನು ಯಾವ ಕೆರೆಯಲ್ಲೂ ಕಂಡಿರಲಿಲ್ಲ. ಸಾಹೇಬರು ಹಿಗ್ಗಿಹೋದರು. ಛತ್ರಿಯ ಕೆಳಗಿಂದಲೇ ಎದ್ದು ನಿಂತು, ನೀರು ಫಸ್ಟ್ ಕ್ಲಾಸ್ ಇದೆ ಎಂದು ನೆರೆದವರಿಗೆಲ್ಲ ಸಾರಿದರು. ನೀರಿನಲ್ಲಿ ದೋಷವಿಲ್ಲ ಅಂದ ಮೇಲೆ ಯಾರೋ ಏನನ್ನೋ ಬೆರೆಸಿದ್ದಾರೆ ಅಂತಲೇ ಅಲ್ಲವೇ ಎಂದು ಮಾರುತಿ ಕೇಳಿದ. ಹಾಗೂ ಇರಬಹುದು ಎಂದು ಸಾಹೇಬರು ತಲೆ ಆಡಿಸಿದರು.

ಕಾಶಮ್ಮ ಕಿತ್ತು ಹಾಕಿದ ಕಲ್ಲಿನ ಮೇಲೆ ಕೂತಿದ್ದಳು. ನಾನು ಚೀಲ ಎತ್ತಿಕೊಂಡು ಅವಳ ಮುಂದೆ ಹಾಯುವಾಗ ತಲೆ ಎತ್ತಿದಳು.

"ಅಕ್ಕಾರ, ನೀರು ಛಲೋ ಅದ ಅಂದ್ರ ನನ್ನ ಕಲ್ಲು ಹೋತು ಅಂತನ ಅಲ್ರಿ?"

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂಬುದು ಗೊತ್ತಾಗಲಿಲ್ಲ.

ಮರಳುವ ಬಸ್ಸಿನಲ್ಲಿ ಚೀಲದಿಂದ ಒಂದು ಬಾಟಲಿ ತೆಗೆದು ಬಿಸಿಲಿಗೆ ಹಿಡಿದು ನೋಡುತ್ತಾ ಕೂತೆ. ಅಯೋಡಿನ್ ಹಾಕದ ಬಾಟಲಿ. ಹಸಿರು ನೀರಿನೊಳಗಿಂದ ಸೋಡಾದ ಹಾಗೆ ಗುಳ್ಳೆಗಳು ಏಳುತ್ತಿದ್ದವು. ಪಾಚಿ ಬಿಸಿಲಿನಲ್ಲಿ ಆಮ್ಲಜನಕ ಬಿಡುತ್ತಿತ್ತು. ಬಸ್ಸು ಒಂದು ಹುಣಸೆಮರದ ನೆರಳಿಗೆ ಹೋಗಿ ನಿಂತಿತು. ಸ್ವಲ್ಪ ಹೊತ್ತಿಗೆ ಗುಳ್ಳೆಗಳೂ ನಿಂತವು. ಆಗ ತಲೆಯಲ್ಲಿ ದೀಪ ಹತ್ತಿತು. ಬಿಸಿಲು ಇದ್ದಾಗ ಇವು ಉಸಿರು ಕೊಡುತ್ತವೆ, ಸರಿ. ಬಿಸಿಲು ಹೋದ ಮೇಲೆ ಇವೂ ನಮ್ಮ ಹಾಗೆಯೇ ಉಸಿರು ಎಳೆದುಕೊಳ್ಳುತ್ತವೆ. ಇಷ್ಟು ದಟ್ಟ ಪಾಚಿ, ಇಷ್ಟು ತೆಳು ನೀರು. ರಾತ್ರಿಯಿಡೀ ಎಳೆದರೆ ಮುಂಜಾನೆಗೆ ಮೀನಿನ ಪಾಲಿಗೆ ಏನು ಉಳಿದೀತು? ಇಷ್ಟು ವರ್ಷ ನಾವು ಕೆರೆಯನ್ನು ಅದು ಚೆನ್ನಾಗಿ ಉಂಡು ಕೂತ ಹೊತ್ತಿನಲ್ಲಿ ಮಾತ್ರ ನೋಡಿದ್ದೆವು. ಋತು ಬದಲಾದದ್ದು ನಮಗೆ ಗೊತ್ತಿತ್ತು, ಹೊತ್ತು ಬದಲಾಗುತ್ತದೆ ಎಂಬುದನ್ನೇ ಮರೆತಿದ್ದೆವು.

ಪಕ್ಕದ ಸೀಟಿನಲ್ಲಿದ್ದ ಸಾಹೇಬರಿಗೆ ಹೇಳಿದೆ.

"ಪುಸ್ತಕದಾಗ ಅದ, ಖರೆ," ಅಂದರು. "ಆದ್ರ ಆ ಹೊತ್ತಿಗೆ ಬಸ್ಸು ಎಲ್ಲಿ ಅದ?"

ಬಸ್ಸು ಇಲ್ಲದ್ದರಿಂದ ಪರೀಕ್ಷೆಯೂ ಇಲ್ಲ ಎಂಬುದು ಅವರ ಲೆಕ್ಕ. ನಾನು ಹಿಂದಿನ ದಿನವೇ ಹೋಗಿ ಅಲ್ಲಿ ಉಳಿಯುತ್ತೇನೆ ಎಂದೆ. ಹೆಣ್ಣುಮಗಳು ಒಬ್ಬಳೇ ಹೋಗಿ ಉಳಿಯುವುದಕ್ಕೆ ನಿಯಮವಿಲ್ಲ ಎಂದರು. ವರದಿ ಮುಂದಿನ ವಾರ ಹೋಗುತ್ತದೆ, ಅದು ಹೋದರೆ ಕಾಶಮ್ಮನ ಘಾಟು ಹೋಗುತ್ತದೆ, ಅಷ್ಟರೊಳಗೆ ನೀವು ನಿಯಮ ಹುಡುಕಿ ಇಲ್ಲವೇ ನೀವೇ ಬನ್ನಿ ಎಂದು ನಾನು ದನಿ ಏರಿಸಿದೆ. ಬಸ್ಸಿನವರು ತಿರುಗಿ ನೋಡತೊಡಗಿದರು. ಕತ್ತಲಲ್ಲಿ ಕೆರೆಯ ದಂಡೆ ಎಂದ ಕೂಡಲೇ ಸಾಹೇಬರ ಮುಖ ಸಣ್ಣದಾಯಿತು. ಮನೆಯವರನ್ನು ಯಾರನ್ನಾದರೂ ಕರೆದುಕೊಂಡು ಹೋಗಿರಿ ಎಂದು ಒಪ್ಪಿದರು.

ನಮ್ಮ ಯಜಮಾನರು ಧಾನ್ಯದ ಗಂಜಿನ ಅಡತಿ ಅಂಗಡಿಯೊಂದರಲ್ಲಿ ತೂಕ ಮಾಡುವವರು. ಮಾಲು ಬರುವ ದಿನಗಳಲ್ಲಿ ಅವರಿಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ. ಉಳಿದವರು ಅತ್ತೆ. ಅವರು ಕೇಳಿದ ತಕ್ಷಣ ಮೂಗು ಮುರಿದರು. ಕೆರೆ ಮುಡಬಿಯ ದಾರಿಯಲ್ಲಿದೆ, ಅದು ನಿಮ್ಮ ತವರಿನ ದಾರಿಯಲ್ಲವೇ ಎಂದ ಮೇಲೆ ಮುರಿದ ಮೂಗು ನೆಟ್ಟಗಾಯಿತು. ಬುತ್ತಿಗೆ ಜೋಳದ ರೊಟ್ಟಿ, ಶೇಂಗಾ ಹಿಂಡಿ, ತಾಮ್ರದ ತಂಬಿಗೆಯಲ್ಲಿ ಮನೆಯ ನೀರು, ಪೂಜೆಯ ವಿಭೂತಿ ಎಲ್ಲ ಕಟ್ಟಿಕೊಂಡು ಸಿದ್ಧರಾದರು. ಲಿಂಗಪೂಜೆಯಾಗದೆ ಅವರು ಹನಿ ನೀರು ಮುಟ್ಟುವವರಲ್ಲ, ಹೊರಗಿನ ನೀರಂತೂ ಇಲ್ಲವೇ ಇಲ್ಲ.

ಎಲ್ಲಿ ಉಳಿಯುವುದು ಎಂಬುದು ಮುಂದಿನ ಪ್ರಶ್ನೆ. ಕಾಶಮ್ಮ ಬಾ ಎಂದು ಕರೆದಳು. ಅವಳ ಮನೆಯಲ್ಲಿ ಉಳಿದರೆ, ಅವಳ ಚಹಾ ಕುಡಿದು ಅವಳ ಪರ ಬರೆದರು ಎಂದು ನಾಳೆ ಊರು ಹೇಳುವುದು ಖಂಡಿತ. ಆದ್ದರಿಂದ ನಾನು ನೆಟ್ಟಗೆ ಮಾರುತಿಯ ಮನೆಯ ಬಾಗಿಲಿಗೆ ಹೋಗಿ, ಈ ರಾತ್ರಿ ನಿಮ್ಮ ಪಡಸಾಲೆಯಲ್ಲಿ ಮಲಗುತ್ತೇವೆ, ಬೆಳಗಾಗುವ ಮೊದಲು ಪಂಚರನ್ನು ಕೆರೆಗೆ ಕರೆದುಕೊಂಡು ಬಾ ಎಂದೆ. ಅವನು ಮೀಸೆಯ ಮೇಲೆ ಕೈಯಿಟ್ಟು ನಿಂತುಬಿಟ್ಟ. ತನ್ನ ತಕ್ರಾರನ್ನೇ ಪರೀಕ್ಷಿಸಲು ಬಂದವರು ತನ್ನ ಮನೆಯಲ್ಲೇ ಮಲಗುತ್ತೇವೆ ಅಂದರೆ ಬೇಡ ಎನ್ನಲು ದಾರಿ ಇರಲಿಲ್ಲ, ಒಳಗೆ ಕರೆದ.

ಅತ್ತೆಗೆ ಮೀನುಗಾರರ ಮನೆ ಎಂಬುದು ಪಡಸಾಲೆಯಲ್ಲಿ ತೂಗುಹಾಕಿದ ಬಲೆ ನೋಡಿದ ಮೇಲೆ ಗೊತ್ತಾಯಿತು. ನನ್ನನ್ನು ಅವರು ನೋಡಿದ ನೋಟ ಇನ್ನೂ ನೆನಪಿದೆ. ಗಂಟು ಬಿಚ್ಚದೆ ಗೋಡೆಗೆ ಒರಗಿ ಕೂತರು. ಅಷ್ಟರಲ್ಲಿ ಮಾರುತಿಯ ತಾಯಿ ಹೊರಬಂದು ಯಾವ ಊರಿನವರೆಂದು ಕೇಳಿದರು. ಆಕೆಯ ತವರೂ ಮುಡಬಿಯೇ ಎಂದು ತಿಳಿದ ಗಳಿಗೆಯಿಂದ ನನ್ನನ್ನು ಇಬ್ಬರೂ ಮರೆತರು. ಯಾವ ಬಾವಿಗೆ ಯಾರು ಬಿದ್ದಿದ್ದರು, ಯಾರ ಮದುವೆಯಲ್ಲಿ ಯಾರು ಮುನಿಸಿಕೊಂಡಿದ್ದರು, ಎಲ್ಲ ಹೊರಬಂತು. ಆ ತಾಯಿ ಅತ್ತೆಗೆ ಅಡುಗೆ ಉಣ್ಣಿ ಎಂದು ಒತ್ತಾಯಿಸಲಿಲ್ಲ, ಬಾಳೆಹಣ್ಣು ತಂದಿಟ್ಟರು. ಅತ್ತೆ ತಮ್ಮ ಬುತ್ತಿಯ ರೊಟ್ಟಿ ಮುರಿದು ಅವರಿಗೆ ಕೊಟ್ಟರು. ಮಾತು ಮುಗಿಯುವ ಮೊದಲೇ ನನಗೆ ನಿದ್ದೆ ಹತ್ತಿತು.

ಕೋಳಿ ಕೂಗುವ ಹೊತ್ತಿಗೆ ಕೆರೆಯ ದಂಡೆಯಲ್ಲಿದ್ದೆವು, ಅತ್ತೆಯ ಜೊತೆಗೆ ಮಾರುತಿಯ ತಾಯಿಯೂ ಬಂದಿದ್ದರು. ಮಾರುತಿ ಕಂದೀಲು ಹಿಡಿದಿದ್ದ, ಪಂಚರು ಕಂಬಳಿ ಹೊದ್ದು ಆಕಳಿಸುತ್ತಿದ್ದರು. ಕಾಶಮ್ಮ ಇಬ್ಬರು ಮಕ್ಕಳೊಂದಿಗೆ ದೂರದಲ್ಲಿ ನಿಂತಿದ್ದಳು. ಅವಳು ಒಗೆಯುವುದು ನಿಂತು ವಾರದ ಮೇಲಾಗಿತ್ತು. ಕೆರೆಗೆ ಸೋಪಿನ ನೊರೆ ಕೂಡ ಬಿದ್ದಿರಲಿಲ್ಲ. ಅದನ್ನು ಮೊದಲು ಎಲ್ಲರ ಬಾಯಿಂದ ಒಪ್ಪಿಸಿಕೊಂಡೆ. ಆಮೇಲೆ ಕೆಸರಿಗೆ ಇಳಿದು ನೀರು ತುಂಬಿದೆ. ಹೋಲಿಸಿ ನೋಡಲು ಒಳ್ಳೆಯ ನೀರೂ ಬೇಕಲ್ಲ, ಅತ್ತೆಯ ತಂಬಿಗೆಯಿಂದ ಒಂದು ಬಾಟಲಿ ನೀರು ಬೇಡಿ ತೆಗೆದುಕೊಂಡೆ. ಎರಡಕ್ಕೂ ದ್ರಾವಣ ಹಾಕಿ, ಮುಚ್ಚಳ ಬಿಗಿದು, ಅಲುಗಾಡಿಸಿ, ಕಂದೀಲಿನ ಮುಂದೆ ಹಿಡಿದೆ. ಕೆರೆಯ ನೀರಿನ ಗಸಿ ಹಾಲಿನಷ್ಟು ಬಿಳಿ. ಅತ್ತೆಯ ನೀರಿನದು ಕಂದು. ಇಷ್ಟು ಸ್ಪಷ್ಟವಾದ ಉತ್ತರ ನನ್ನ ಇಡೀ ನೌಕರಿಯಲ್ಲಿ ಮತ್ತೆ ಸಿಗಲಿಲ್ಲ.

ಪಂಚರು ಮುಂದೆ ಬಾಗಿ ನೋಡಿದರು. ಹಿರಿಯರೊಬ್ಬರು ಬಿಳಿ ಬಾಟಲಿಯ ಕಡೆ ಬೆರಳು ಮಾಡಿ, ಕೆರೆಯ ನೀರು ಹಾಲಿನಂತೆ ಶುದ್ಧವಾಗಿದೆ ಎಂದು ತೀರ್ಪು ಕೊಟ್ಟರು. ಮಾರುತಿ ಕಂದು ಬಾಟಲಿಯನ್ನು ನೋಡಿ, ಪಾಪ ಈ ಅವ್ವ ಇಂಥ ಹೊಲಸು ನೀರು ಯಾಕೆ ಹೊತ್ತುಕೊಂಡು ತಿರುಗುತ್ತಾಳೆ ಎಂದು ಮರುಗಿದ. ಅತ್ತೆ ಕಿಡಿಕಿಡಿಯಾದರು. ಪೂಜೆಯ ನೀರಿಗೆ ಹೊಲಸು ಅನ್ನುವಂತೆ ಮಾಡಿದ ಸೊಸೆಯನ್ನು ಊರ ಮುಂದೆ ಝಾಡಿಸಿದರು. ಅದು ಹಾಗಲ್ಲ, ಕಂದು ಒಳ್ಳೆಯದು, ಬಿಳಿ ಕೆಟ್ಟದ್ದು ಎಂದು ನಾನು ಎಷ್ಟು ಹೇಳಿದರೂ, ಬಿಳಿ ಕೆಟ್ಟದ್ದು ಎಂಬ ಮಾತು ಯಾರ ಕಿವಿಯೊಳಗೂ ಇಳಿಯಲಿಲ್ಲ. ನನ್ನ ಪರೀಕ್ಷೆಯೇ ಕಾಶಮ್ಮನನ್ನು ಮುಳುಗಿಸುತ್ತಿತ್ತು. ಅವಳು ಮಕ್ಕಳ ಕೈ ಹಿಡಿದು ಮನೆಯ ಕಡೆ ತಿರುಗಿದ್ದನ್ನೂ ಕಂಡೆ.

ಆಗ ಮಾರುತಿಯೇ ಕಂದೀಲು ಎತ್ತಿದ. ಬೆಳಕು ಸಣ್ಣಗೆ ಹರಿದಿತ್ತು. ಕೆರೆಯ ತುಂಬ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಅವನು ಹಾಗೆಯೇ ನೀರಿಗೆ ಇಳಿದು ಕೈಗೆ ಸಿಕ್ಕ ಎರಡು ಮೀನುಗಳನ್ನು ಎತ್ತಿ, ತಾನು ತಂದಿದ್ದ ಎರಡು ಬಕೀಟುಗಳಲ್ಲಿ ಅದೇ ಕೆರೆಯ ನೀರು ತುಂಬಿ ಒಂದೊಂದರಲ್ಲಿ ಒಂದೊಂದನ್ನು ಬಿಟ್ಟ. ಎರಡೂ ಓರೆಯಾಗಿ ತೇಲತೊಡಗಿದವು. ನನಗೆ ಬಾಟಲಿಯ ವಿಜ್ಞಾನ ಸಾಕೆನಿಸಿತು. ಅತ್ತೆಯ ಕಡೆ ತಿರುಗಿ, ಚಹಾ ಆರಿಸುವ ಹಾಗೆ ಒಂದು ಬಕೀಟಿನ ನೀರನ್ನು ಎತ್ತಿ ಹೊಯ್ಯಿರಿ ಎಂದೆ. ನಮ್ಮ ಅತ್ತೆಯಷ್ಟು ಎತ್ತರದಿಂದ ಚಹಾ ಹೊಯ್ಯುವವರು ಹುಮನಾಬಾದಿನಲ್ಲಿ ಇರಲಿಲ್ಲ. ಪೂಜೆಯ ತಂಬಿಗೆ, ಮೀನಿನ ಬಕೀಟು. ಅವರು ತಂಬಿಗೆ ನೋಡಿದರು, ಮೀನು ನೋಡಿದರು, ನನ್ನನ್ನು ನೋಡಿದರು. ಮಾರುತಿಯ ತಾಯಿ ಹಿಂದಿನಿಂದ, ಒಂದು ಜೀವ ಉಳಿದೀತು ಅಕ್ಕಾ ಅಂದರು. ಅತ್ತೆ ಸೆರಗು ಸಿಕ್ಕಿಸಿ ಬಾಗಿದರು. ತಂಬಿಗೆ ಮುಳುಗಿಸಿ ತಲೆಯ ಮಟ್ಟಕ್ಕೆ ಎತ್ತಿ ಹೊಯ್ದರು, ಮತ್ತೆ ಮುಳುಗಿಸಿ ಮತ್ತೆ ಹೊಯ್ದರು. ನೀರು ನೊರೆನೊರೆಯಾಗಿ ಬೀಳುತ್ತಿತ್ತು. ಮನೆಯ ಕಡೆ ತಿರುಗಿದ್ದ ಕಾಶಮ್ಮನೂ ಮಕ್ಕಳೊಂದಿಗೆ ಮರಳಿ ಬಂದು ನಿಂತಳು. ಅವರ ತೋಳು ಸೋಲುವಷ್ಟರಲ್ಲಿ ಆ ಮೀನು ನೆಟ್ಟಗಾಗಿ, ಬಾಲ ಬಡಿದು ತಳಕ್ಕೆ ಇಳಿಯಿತು. ಪಕ್ಕದ ಬಕೀಟಿನದು ಇನ್ನೂ ಓರೆಯಾಗಿಯೇ ತೇಲುತ್ತಿತ್ತು.

ಯಾರೋ ನೀರಿನಲ್ಲಿ ವಿಷವೇ ಇರಬಹುದಲ್ಲ ಎಂದು ಗೊಣಗಿದರು. ಅತ್ತೆ ತಂಬಿಗೆ ಕೆಳಗಿಟ್ಟು ಸೊಂಟದ ಮೇಲೆ ಕೈಯಿಟ್ಟರು.

"ವಿಷ ಎತ್ತಿ ಹೊಯ್ದ್ರ ಹೋಗ್ತದೇನೋ ತಮ್ಮಾ? ಹಾಂಗ ಹೋಗೂದಿದ್ರ ದವಾಖಾನಿ ಯಾಕ ಬೇಕಿತ್ತು? ಮೀನಿಗಿ ದಮ್ ಕಟ್ಯಾದ, ಗಾಳಿ ಬೇಕು. ಇಷ್ಟೂ ತಿಳೀದಿಲ್ಲಂದ್ರ ಹ್ಯಾಂಗ?"

ನಾನು ನಾಲಿಗೆ ಒಣಗುವವರೆಗೆ ಹೇಳಿದ್ದನ್ನು ಅವರು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ್ದರು. ಮಾರುತಿ ಎರಡನೆಯ ಬಕೀಟಿನ ಹತ್ತಿರ ಕುಕ್ಕರಗಾಲಲ್ಲಿ ಕೂತು, ಎರಡೂ ಕೈಯಿಂದ ನೀರು ಎತ್ತಿ ಎತ್ತಿ ಹೊಯ್ಯತೊಡಗಿದ್ದ. ಅವನ ಮೀನೂ ಉಳಿಯಿತು.

ಪಾಚಿ ಇಷ್ಟೊಂದು ಬೆಳೆದದ್ದಾದರೂ ಯಾಕೆ ಎಂದು ಪಂಚರು ಕೇಳಿದರು. ಇದ್ದದ್ದು ಇದ್ದ ಹಾಗೆ ಹೇಳಿದೆ: ಹೊಲದ ಯೂರಿಯಾ, ದನದ ಸಗಣಿ, ಊರ ಗಟಾರ, ಇವೆಲ್ಲ ಪಾಚಿಗೆ ಊಟ, ಕಾಶಮ್ಮನ ಸೋಪಿನಲ್ಲೂ ಒಂದು ತುತ್ತಿದೆ. ಯೂರಿಯಾ ಎಂದ ಕೂಡಲೇ ಪಂಚರು ಕಂಬಳಿ ಸರಿಮಾಡಿಕೊಂಡು ಬೇರೆ ಕಡೆ ನೋಡಿದರು. ಕಾಶಮ್ಮ ಮಾತ್ರ ತನ್ನ ಒಂದು ತುತ್ತಿನ ಮಾತನ್ನು ಒಪ್ಪಿಕೊಂಡಳು.

ಕಲ್ಲನ್ನು ಕಿತ್ತವರೇ ಹೊತ್ತು ತಂದು ಇಡಬೇಕಾಯಿತು. ಕಾಶಮ್ಮ ಮುಂದೆ ಬಂದು ಅದರ ಓರೆ ಪರೀಕ್ಷಿಸಿದಳು. ಒಂದು ಸಲ ಎಡಕ್ಕೆ ಹೆಚ್ಚಾಯಿತು ಅಂದಳು, ಇನ್ನೊಂದು ಸಲ ಹಿಂದಕ್ಕೆ ಬಾಗಿತು ಅಂದಳು. ಮಾರುತಿಯೂ ಹೆಗಲು ಕೊಟ್ಟಿದ್ದ. ಬಿಸಿಲು ಏರುವವರೆಗೆ ಅವಳು ಅವರನ್ನು ಆ ಕಲ್ಲಿನ ಸುತ್ತ ಹೈರಾಣ ಮಾಡಿದಳು. ಅದು ಮೊದಲೇ ಸರಿಯಾಗಿ ಕೂತಿತ್ತೆಂದು ನನಗೆ ಈಗಲೂ ಅನುಮಾನ.

ಲ್ಯಾಬಿನಲ್ಲಿ ಸಾಹೇಬರು ಎರಡು ಬಾಟಲಿಗಳನ್ನೂ ಎತ್ತಿ ನೋಡಿದರು. ಹಾಗಾದರೆ ಇಷ್ಟು ವರ್ಷದ ವರದಿಗಳ ಗತಿಯೇನು ಎಂದರು. ಅವು ಸುಳ್ಳಲ್ಲ ಸರ್, ಹನ್ನೊಂದು ಗಂಟೆಯ ಮಟ್ಟಿಗೆ ಖರೆ ಎಂದೆ. ಅವರಿಗೆ ಅದು ಹಿಡಿಸಿತು. ಮರುದಿನ ಗೋಡೆಯ ಪಟ್ಟಿಯಲ್ಲಿ ಪ್ರತಿ ಋತುವಿಗೂ 'ಸೂರ್ಯ ಹುಟ್ಟುವ ಮೊದಲು' ಎಂಬ ಇನ್ನೊಂದು ಸಾಲು ಎಳೆದರು, ಕಾಶಮ್ಮನದು ತಪ್ಪಿಲ್ಲ ಎಂಬ ವರದಿಗೆ ಸಹಿ ಹಾಕಿದರು, ಮುಂದಿನ ಗುಲಬರ್ಗಾ ಸಭೆಯಲ್ಲಿ ಅದನ್ನು ತಾವೇ ಕಂಡುಹಿಡಿದದ್ದೆಂದು ಹೇಳಿ ಬಂದರು. ನನಗೆ ಮೈ ಉರಿಯಿತು. ಅತ್ತೆಗೆ ಹೇಳಿದಾಗ ಅವರಿಗೆ ನನಗಿಂತ ಹೆಚ್ಚು ಉರಿಯಿತು, ಏಕೆಂದರೆ ಅದನ್ನು ಕಂಡುಹಿಡಿದದ್ದು ತಾವೆಂದು ಅವರು ನಂಬಿದ್ದರು.

ಇನ್ನು ಕಾಶಮ್ಮ. ಅವಳು ಅಂದಿನಿಂದ ಊರೆಲ್ಲರ ಬಟ್ಟೆ ಒಗೆದಳು, ಮಾರುತಿಯ ಬಟ್ಟೆ ಒಗೆಯಲಿಲ್ಲ. ಜಗಳವಿಲ್ಲ, ಬೈಗುಳವಿಲ್ಲ, ಅವನ ಗಂಟು ಮಾತ್ರ ಎತ್ತುತ್ತಿರಲಿಲ್ಲ. ಇಡೀ ವರ್ಷ ಅವನು ಮಾಸಿದ ಧೋತರದಲ್ಲಿ ತಿರುಗಿದ. ನಾನು ಒಮ್ಮೆ ಅವಳಿಗೆ ಸಾಕು ಬಿಡು ಎಂದೆ. ಕಲ್ಲಿನ ಓರೆ ಇನ್ನೂ ಸರಿಯಾಗಿಲ್ಲ ಎಂದಳು.

ಮುಂದಿನ ಬೇಸಿಗೆ ನಸುಕಿನಲ್ಲಿ ನೀರು ತೆಗೆಯಲು ಅತ್ತೆಯೊಂದಿಗೆ ಮತ್ತೆ ಹೋದೆ. ಕೆರೆ ಆ ವರ್ಷವೂ ಹಸಿರಾಗಿತ್ತು. ಮಾರುತಿ ನಮ್ಮ ಮಾತು ಕೇಳಿ ನೀರನ್ನು ಎತ್ತಿ ಚಿಮ್ಮಿಸುವ ಡೀಸೆಲ್ ಪಂಪು ತಂದಿದ್ದ. ಅದು ಸರಿಯಾಗಿ ಅಂದೇ ಕೆಟ್ಟು ನಿಂತಿತ್ತು. ಘಾಟಿನಲ್ಲಿ ಬಟ್ಟೆ ಬಡಿಯುವಲ್ಲಿ ನೀರು ಕಲಕುವುದರಿಂದ ಮೀನುಗಳು ಆ ಕಲ್ಲಿನ ಸುತ್ತ ಬಂದು ಸೇರುತ್ತವೆ ಎಂಬುದನ್ನು ಅವನು ಅಷ್ಟರಲ್ಲಿ ಕಂಡುಕೊಂಡಿದ್ದ. ಅಷ್ಟರಿಂದ ಇಡೀ ಕೆರೆಗೆ ಉಸಿರು ಬರುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ. ಅತ್ತೆ ನನ್ನ ಕೈ ಚಿವುಟಿದರು, ಸುಮ್ಮನಾದೆ.

ಕಾಶಮ್ಮ ಕಲ್ಲಿನ ಮೇಲೆ ಕೂತು ಎಲೆ ಅಡಿಕೆಗೆ ಅಣಿಮಾಡಿಕೊಳ್ಳುತ್ತಿದ್ದಳು. ಅವಳ ಮುಂದೆ ಮಾರುತಿ ತನ್ನ ಮನೆಯ ಮಾಸಿದ ಬಟ್ಟೆಯ ಗಂಟನ್ನು ತಾನೇ ತಲೆಯ ಮೇಲೆ ಹೊತ್ತು ನಿಂತಿದ್ದ.

"ಅಕ್ಕಾ, ಜರಾ ಲಗೂ ಒಗಿಲಾಕ ಹತ್ತು. ಮೀನು ಮ್ಯಾಲ ಬರಾಕತ್ತಾವ."

ಕಾಶಮ್ಮ ಎಲೆಗೆ ಸಾವಕಾಶ ಸುಣ್ಣ ಹಚ್ಚಿಕೊಂಡಳು.

"ನಾ ಒಗದ್ರ ಮೀನು ಸಾಯ್ತಾವ ಅಂದಿದ್ರಲ್ಲೋ."

ಮಾರುತಿ ಗಂಟನ್ನು ಇಳಿಸಿ, ಬಿಚ್ಚಿ, ಮೇಲಿನ ಧೋತರ ತೆಗೆದು ಎರಡೂ ಕೈಯಿಂದ ಅವಳ ಮುಂದೆ ಹಿಡಿದ. ಅವಳು ಎಲೆ ಬಾಯಿಗೆ ಹಾಕಿಕೊಂಡು ಎದ್ದು, ಧೋತರ ತೆಗೆದುಕೊಂಡು ನೀರಿನಲ್ಲಿ ಅದ್ದಿ, ತಲೆಯ ಮೇಲೆತ್ತಿ ಕಲ್ಲಿಗೆ ಬಡಿದಳು. ಇಡೀ ವರ್ಷದ ಸಿಟ್ಟು ಅದರೊಳಗಿತ್ತು. ನೀರು ನಮ್ಮ ಮೇಲೆಲ್ಲ ಸಿಡಿಯಿತು, ಅತ್ತೆ ನಕ್ಕು ನಕ್ಕು ಕೂತುಬಿಟ್ಟರು. ಮೂರನೆಯದೋ ನಾಲ್ಕನೆಯದೋ ಪೆಟ್ಟಿಗೆ ಧೋತರ ನಡುವಿಗೆ ಪರ್ರನೆ ಹರಿಯಿತು. ಮಾರುತಿ ಹರಿದ ಧೋತರ ನೋಡಿದ, ಕಲ್ಲಿನ ಸುತ್ತ ಬಂದು ಸೇರುತ್ತಿದ್ದ ಮೀನುಗಳನ್ನು ನೋಡಿದ, ಗಂಟಿನಿಂದ ಇನ್ನೊಂದು ತೆಗೆದು ಕೊಟ್ಟ.